ಕಂಪ್ನಿ ಬಸ್ಸಲ್ಲಿ ಓಟ್ ಕೇಳಿದ್ದು

ರಿಟೈರ್ಡ್ ಅಂದ್ರೆ ತಲೆ ನರೆತಿರ್ಬೇಕು, ಬೆಳಿಗ್ಗೆ ಎದ್ದು ಪಾರ್ಕಲ್ಲಿ ಕೈ ಬೀಸ್ಕೊಂಡು ಓಡಾಡ್ಬೇಕು ಅಂತ ಯಾರ್ ಹೇಳಿದ್ರೋ ಗೊತ್ತಿಲ್ಲ. ನನ್ ತಲೇಲಿ ಇನ್ನೂ ಒಂದ್ ಬಿಳಿ ಕೂದ್ಲಿಲ್ಲ. ಆದ್ರೂ ನಾನು ರಿಟೈರ್ಡೇ. ರಾಜಾಜಿನಗರ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದ್ ಫ್ಯಾಕ್ಟ್ರಿ, ಅದ್ರಲ್ಲಿ ತಗಡು ಒತ್ತೋ ಪ್ರೆಸ್ ಶಾಪಿಗೆ ಹೆಲ್ಪರಾಗಿ ಹೋದೆ, ಆಪರೇಟರಾಗಿ ಹೊರಗ್ ಬಂದೆ. ಆಟೋಮ್ಯಾಟಿಕ್ ಲೈನ್ ಬಂತು, ನಮ್ಮಂಥವ್ರಿಗೆ ವಿಆರ್‌ಎಸ್ ಕೊಟ್ರು, ಒಂದ್ ಹಾರ ಹಾಕಿದ್ರು, ಗೋಡೆ ಗಡಿಯಾರ ಕೈಗಿಟ್ರು, ಗೇಟ್ ತೋರ್ಸಿದ್ರು. ಮಧ್ಯದಲ್ಲಿ ಇನ್‌ಕ್ರಿಮೆಂಟು ಗಿನ್‌ಕ್ರಿಮೆಂಟು ಎಲ್ಲ ಆಯ್ತು. ಅದ್ ಯಾರಿಗ್ ಬೇಕು.

ಈಗ ಲಗೇಜ್ ಆಟೋ ಓಡಿಸ್ತೀನಿ. ನಮ್ ಬೀದಿ ಹುಡುಗ್ರು ಪೀಣ್ಯ, ಕುಂಬಳಗೋಡು ಅಂತ ಫ್ಯಾಕ್ಟ್ರಿ ಸೇರ್ತಾ ಇದಾರೆ. ಸಂಜೆ ಗಾಡಿ ಒರೆಸ್ತಾ ಇದ್ರೆ ಬಂದ್ ನಿಂತ್ಕೋತಾರೆ. ‘ಅಣ್ಣ, ಯೂನಿಯನ್ ಎಲೆಕ್ಷನ್ ಬಂದಿದೆ, ಯಾರ್ ಕಡೆ ಇರ್ಬೇಕು?’

ಯಾರ್ ಕಡೆ ಬೇಕಾದ್ರೂ ಇರು ಮಗಾ. ಎಲ್ಲಿ ನಿಂತ್ಕೊಂಡು ಮಾತಾಡ್ತಾ ಇದೀಯ ಅಂತ ಮೊದ್ಲು ನೋಡ್ಕೋ. ನಾನ್ ಕಂಡ ಜಗಳ ಎಲ್ಲಾ ಅದ್ರದ್ದೇ. ಏನ್ ಹೇಳ್ದ ಅಂತ ಯಾರೂ ಕಂಪ್ಲೇಂಟ್ ಕೊಡಲ್ಲ. ಎಲ್ಲಿ ಹೇಳ್ದ ಅಂತ ಕೊಡ್ತಾರೆ.

ನಾನ್ ಓದಿರೋದು ಒಂಬತ್ತನೇ ಕ್ಲಾಸು, ಅದೂ ಪೂರ್ತಿ ಅಲ್ಲ. ಬಾಯಿಗ್ ಬಂದಂಗೆ ಹೇಳ್ತೀನಿ.

ನಮ್ ಕಡೆ ರೂಲ್ಸು ಹಿಂಗಿತ್ತು. ಯೂನಿಯನ್ ಎಲೆಕ್ಷನ್ ಟೈಮಲ್ಲಿ ಕಂಪ್ನಿ ಆವರಣದ ಒಳಗೆ ಪ್ರಚಾರ ಮಾಡಂಗಿಲ್ಲ. ಗೇಟಿಂದ ಆಚೆ ಏನ್ ಬೇಕಾದ್ರೂ ಮಾಡ್ಕೋ. ಕಂಪ್ನಿನೂ ಒಪ್ಪಿತ್ತು, ಯೂನಿಯನ್ ಬೈಲಾದಲ್ಲೂ ಇತ್ತು. ಮುರಿದ್ರೆ ಎರಡು ಕಡೆಯಿಂದ ಏಟು. ಕಂಪ್ನಿ ನೋಟಿಸ್ ಕೊಡುತ್ತೆ, ಯೂನಿಯನ್ ನಾಮಿನೇಷನ್ ರಿಜೆಕ್ಟ್ ಮಾಡುತ್ತೆ.

ಆದ್ರೆ ಪ್ರೆಸ್ ಶಾಪಲ್ಲಿ ಮಾತಾಡಕ್ ಆಗುತ್ತಾ ಮೊದ್ಲು? ಪ್ರೆಸ್ ಬಡಿಯೋ ಸದ್ದಿಗೆ ಪಕ್ಕದಲ್ಲಿ ನಿಂತೋನು ಕಿರುಚ್ಕೊಂಡ್ರೂ ಕೇಳಲ್ಲ. ಅಲ್ಲಿ ಎಲ್ಲಾ ಕೈಯಲ್ಲೇ. ನೀರ್ ಬೇಕು, ಅಚ್ಚಿನ ಡೈ ಕಚ್ಕೊಂಡಿದೆ, ಸೂಪರ್ವೈಸರ್ ಬಂದ, ಎಲ್ಲಾ ಸನ್ನೆ. ಹಂಗಾಗಿ ಪ್ರಚಾರಾನೂ ಸನ್ನೇಲೇ. ಹುಬ್ಬು ಮೇಲೆತ್ತಿದ್ರೆ ‘ಓಟು ನಮಗೆ ತಾನೆ?’ ಅಂತ. ನಾಲಿಗೆ ಹೊರಗ್ ಹಾಕಿದ್ರೆ ‘ಹೋಗಲೋ’ ಅಂತ.

ಹೊಸ್ದಾಗ್ ಬಂದಿದ್ ಎಚ್‌ಆರ್ ಸಾರ್ ಇದನ್ನ ಕಂಡು ಹಿಡಿದ್ರು. ಇಸ್ತ್ರಿ ಶರ್ಟು, ಕಿವಿಗೆ ಹತ್ತಿ. ಒಂದ್ ಮಧ್ಯಾಹ್ನ ಶಾಪ್ ನಡುವೆ ಬಂದು ನಿಂತ್ರು. ಮುನಿರಾಜು ಅಂತ ಡೈ ಕೂರ್ಸೋ ಸೆಟ್ಟರ್ ಒಬ್ಬ, ಭುಜ ಹಿಡ್ಕೊಂಡಿತ್ತು ಅಂತ ಕೈ ಮೇಲೆತ್ತಿ ತಿರುಗಿಸ್ತಾ ಇದ್ದ. ಅಷ್ಟೇ. ‘ಸನ್ನೆಯ ಮೂಲಕ ಪ್ರಚಾರ’ ಅಂತ ಮೆಮೊ ಬಂತು. ಮುನಿರಾಜು ಆಸ್ಪತ್ರೆ ಚೀಟಿ ಇಟ್ಕೊಂಡು ಎಚ್‌ಆರ್ ಹತ್ರ ಹೋದ. ಅಲ್ಲೂ ಕೈ ತಿರುಗಿಸಿ ತೋರ್ಸಿದ. ‘ನೋಡಿ, ನೋಡಿ, ನನ್ ಮುಂದೇನೇ ಮಾಡ್ತಾ ಇದಾನೆ’ ಅಂದ್ರಂತೆ ಸಾರು. ಆ ಮೆಮೊ ಕೊನೇವರ್ಗೂ ವಾಪಸ್ ತಗೊಳ್ಲಿಲ್ಲ.

ನಾನು ಎಲೆಕ್ಷನ್ ಕಮಿಟಿಗೆ ಹೆಂಗ್ ಸೇರ್ಕೊಂಡೆ ಅಂತ ಕೇಳಿ. ಒಂದ್ ಗೇಟ್ ಮೀಟಿಂಗಲ್ಲಿ ಸೆಕ್ರೆಟರಿ ಲೋಕೇಶಣ್ಣ ಭಾಷಣ ಮಾಡ್ತಾ ಇದ್ದ. ಲೋಕೇಶ ಅಂದ್ರೆ ನಮ್ ಯೂನಿಯನ್ನಲ್ಲಿ ಎಲ್ಲಾ ಅವ್ನೇ. ಬುಲೆಟ್ ಗಾಡಿ, ಕೂಲಿಂಗ್ ಗ್ಲಾಸ್, ಎಲ್ಲರ ಹೆಗಲ ಮೇಲೂ ಕೈ ಹಾಕೋನು. ‘ಬೇಗ ಮುಗ್ಸಣ್ಣ, ಹೊಟ್ಟೆ ಹಸೀತಾ ಇದೆ, ಹೋದ್ ವರ್ಷಾನೂ ನೀನ್ ಇದೇ ಹೇಳಿದ್ದೆ’ ಅಂತ ಕೂಗಿದೆ. ಎದುರು ಪಾರ್ಟಿಯೋರು ಚಪ್ಪಾಳೆ ಹೊಡೆದ್ರು. ‘ನೀವೇನ್ ಕಿಸಿಯೋದು, ನೀವ್ ಅದನ್ನೂ ಹೇಳಿಲ್ಲ’ ಅಂತ ಅವ್ರಿಗೂ ಅಂದೆ. ಎರಡು ಕಡೆಗೂ ಬೇಡವಾದೆ. ಯಾರ ಕಡೆಗೂ ಸೇರ್ದೆ ಇರೋನು ಅಂತ ಕಮಿಟಿಗ್ ಹಾಕಿದ್ರು.

ಕಮಿಟಿಗೆ ದೊಡ್ಡೋರು ಪುಟ್ಟಸ್ವಾಮಣ್ಣ. ನಮ್ ಟೂಲ್ ರೂಮಲ್ಲೇ ಇದ್ದು ರಿಟೈರ್ ಆದೋರು, ಕುರುಬರಹಳ್ಳೀಲಿ ಮನೆ. ಎಲೆಕ್ಷನ್ ಬಂದ್ರೆ ಒಗೆದ ಬಿಳಿ ಶರ್ಟ್ ಹಾಕೊಂಡು, ನಸ್ಯದ ಡಬ್ಬಿ ಜೇಬಲ್ಲಿಟ್ಕೊಂಡು ಬಿಎಂಟಿಸಿ ಬಸ್ಸಲ್ಲಿ ಬರೋರು. ನಾನು ಅವರ ಕೈಕೆಳಗೆ. ಅವ್ರಿಗೆ ಅವಸರ ಅನ್ನೋದೇ ಇಲ್ಲ, ನನಗೆ ಕೂತ್ರೆ ಕಾಲು ಕುಣೀತದೆ.

‘ಯಾಕೋ ಮಂಜ, ಹಾವ್ ತುಳ್ದೋನ್ ಥರ ಆಡ್ತೀಯ? ಕೂತ್ಕೋ.’

‘ಕೂತು ಏನ್ ಮಾಡ್ಲಿ ಅಣ್ಣ, ರಿಜೆಕ್ಟ್ ಅಂತ ಬರ್ದು ಬಿಸಾಕಿ, ಹೋಗಣ.’

‘ಬರೆಯೋದ್ ಸುಲಭ. ಬರೆದ ಮೇಲೆ ಅದು ನಮ್ ಕೈಲಿರಲ್ಲ ಕಣಪ್ಪ.’

ಅವತ್ತು ಇದು ಮುದುಕ್ರು ಹೇಳೋ ಮಾತು ಅಂದ್ಕೊಂಡೆ.

ಅವ್ರೂ ಎಡವಟ್ಟು ಮಾಡ್ಕೊಂಡಿದ್ದುಂಟು. ನನ್ ಮೊದಲ್ನೇ ಎಲೆಕ್ಷನ್ನಲ್ಲಿ ಓದಕ್ ಬರ್ದೋರಿಗೂ ಗೊತ್ತಾಗ್ಲಿ ಅಂತ ಗುರುತು ಕೊಟ್ರು. ಪಾರ್ಟಿಗಳ ಗುರುತು ಯಾವ್ದೂ ಬೇಡ, ರಾಜಕೀಯ ಆಗುತ್ತೆ, ನಮ್ ಶೆಡ್ಡಲ್ಲಿರೋ ಸಾಮಾನೇ ಇರ್ಲಿ ಅಂತ ಒಂದ್ ಕಡೆಗೆ ಸ್ಪ್ಯಾನರು, ಇನ್ನೊಂದ್ ಕಡೆಗೆ ಊಟದ ಡಬ್ಬಿ. ಚೀಟಿ ಎತ್ತಿದಾಗ ಸ್ಪ್ಯಾನರ್ ಲೋಕೇಶಣ್ಣನ ಕಡೆಗೆ ಬಂತು. ಓಟಿನ ದಿನ ಲೋಕೇಶಣ್ಣನ ಕಂಪ್ಲೇಂಟು: ಕ್ಯಾಂಟೀನಲ್ಲಿ ಓಟ್ ನಡೀತಾ ಇದೆ, ಅಲ್ಲಿಗೆ ಎಲ್ರೂ ಊಟದ ಡಬ್ಬಿ ತರ್ತಾ ಇದಾರೆ, ಇದು ಪ್ರಚಾರ. ಡಬ್ಬಿ ಗೇಟಲ್ಲೇ ಬಿಟ್ಟು ಬನ್ನಿ ಅಂತ ಸೆಕ್ಯೂರಿಟಿ ತಡೆದ. ಜನ ರೊಚ್ಚಿಗೆದ್ರು. ನಾನಂದೆ, ‘ಹಂಗಾದ್ರೆ ಸ್ಪ್ಯಾನರೂ ಬಿಡ್ಲಿ.’ ಫಿಟ್ಟರ್‌ಗಳೆಲ್ಲಾ ಸಾಲಾಗ್ ಬಂದು ಸ್ಪ್ಯಾನರ್ ಗುಡ್ಡೆ ಹಾಕಿ ಕೈ ಕಟ್ಕೊಂಡು ನಿಂತ್ರು. ಒಂದ್ ಡೈ ಬದಲಾಯಿಸಕ್ಕೂ ಆಗ್ದೆ ಪ್ರೆಸ್ ನಿಂತ್ವು. ಪ್ರೊಡಕ್ಷನ್ ಮ್ಯಾನೇಜರ್ ಓಡ್ಬಂದು, ‘ತಿನ್ರಪ್ಪಾ ತಿನ್ರಿ, ಡಬ್ಬೀನಾದ್ರೂ ತಿನ್ರಿ, ಕೆಲ್ಸ ಶುರು ಮಾಡಿ’ ಅಂದ. ಮುಂದಿನ್ ಸಲದಿಂದ ಗುರುತೇ ತೆಗೆದ್ರು, ಫೋಟೋ ಹಾಕಿದ್ರು.

ಇವೆಲ್ಲ ನಗೋ ವಿಷಯ. ನಗಕ್ಕಾಗದೆ ಇರೋದು ನಾಗರತ್ನಕ್ಕಂದು. ಅದಕ್ಕೇ ಇಷ್ಟು ಬರೀತಾ ಇರೋದು.

ನಾಗರತ್ನಕ್ಕ ಪ್ಯಾಕಿಂಗಲ್ಲಿ ಪರ್ಮನೆಂಟು. ಹೇರೋಹಳ್ಳಿ ಒಳಗಡೆ, ಹೊಸ ಸೈಟುಗಳ ಹತ್ರ ಮನೆ. ಕಂಪ್ನಿ ಬಸ್ಸಲ್ಲಿ ಬರೋದು, ಹೋಗೋದು. ಆ ಬಸ್ಸು ಕಾಮಾಕ್ಷಿಪಾಳ್ಯ, ಸುಂಕದಕಟ್ಟೆ ದಾಟಿ ಹೇರೋಹಳ್ಳಿ ಒಳಗಡೆ ಸುತ್ತಾಕೊಂಡ್ ಬರೋದು. ರಾತ್ರಿ ಸೆಕೆಂಡ್ ಶಿಫ್ಟ್ ಮುಗಿಸಿದ ಹೆಂಗಸ್ರನ್ನ ಮನೆ ಹತ್ರ ಇಳಿಸೋದು. ಒಂದಿನ ನೋಟಿಸ್ ಬೋರ್ಡಲ್ಲಿ ಹಾಳೆ ಅಂಟ್ಸಿದ್ರು. ಎಲೆಕ್ಷನ್ ಆದ ತಿಂಗ್ಳಿಂದ ಬಸ್ಸು ಮಾಗಡಿ ರೋಡಲ್ಲಿ ಹೇರೋಹಳ್ಳಿ ಕ್ರಾಸ್‌ವರೆಗೆ ಮಾತ್ರ. ಬಸ್ಸು ಅನ್ನೋದು ಕಂಪ್ನಿ ಕೊಡೋ ಅನುಕೂಲ, ಕಂಪ್ನಿ ಜವಾಬ್ದಾರಿ ಅಲ್ಲ ಅಂತ. ಕೆಳಗೆ ಲೋಕೇಶಣ್ಣನ ಸೈನು. ಯಾರನ್ನೂ ಕೇಳದೆ ಒಪ್ಕೊಂಡ್ ಬಂದಿದ್ದ.

ಕ್ರಾಸಿಂದ ಒಳಗೆ ಆ ರೋಡ್ ನೋಡಿರ್ಬೇಕು ನೀವು. ಅಗೆದು ಬಿಟ್ಟಿರೋ ಮೋರಿ, ಲೈಟ್ ಇಲ್ಲ, ನಾಯಿ ಹಿಂಡು. ಅಷ್ಟೊತ್ತಲ್ಲಿ ಹೆಂಗಸು ಒಬ್ಳೇ ನಡ್ಕೊಂಡ್ ಹೋಗೋದಾ? ನಾಗರತ್ನಕ್ಕನ ಗಂಡ ಒಂದೇ ಮಾತು ಹೇಳಿದ್ದ, ‘ಬಸ್ ಒಳಗ್ ಬರಲ್ಲ ಅಂದ್ರೆ ಕೆಲ್ಸ ಬಿಟ್ಬಿಡು.’ ಅವಳಿಗೆ ಕೆಲ್ಸ ಬಿಡಕ್ ಇಷ್ಟ ಇರ್ಲಿಲ್ಲ. ಲೋಕೇಶಣ್ಣನ ಎದುರಿಗೆ ಸೆಕ್ರೆಟರಿ ಪೋಸ್ಟಿಗೆ ನಾಮಿನೇಷನ್ ಹಾಕಿದ್ಳು. ಎದುರು ಪಾರ್ಟಿಯೋರು, ‘ಹೆಂಗಸು ನಿಂತಿದ್ರೆ ನಿಂತ್ಕೊಳ್ಲಿ’ ಅಂತ ತಮ್ ಕ್ಯಾಂಡಿಡೇಟ್ ಹಾಕ್ಲಿಲ್ಲ. ಹಂಗಾಗಿ ಇಬ್ಬರದೇ ಫೈಟು.

ಗಂಡಸ್ರಿಗೆ ಪ್ರಚಾರ ಏನ್ ಕಷ್ಟ? ಶಿಫ್ಟ್ ಬಿಟ್ಟ ಮೇಲೆ ಗೇಟ್ ಎದುರು ಟೀ ಅಂಗಡಿ, ಅಲ್ಲಿಂದ ಇನ್ನೊಂದ್ ಅಂಗಡಿ, ಬೆಳಗಾದ್ರೂ ಕೇಳೋರಿಲ್ಲ. ಹೆಂಗಸ್ರಿಗೆ ಸೈರನ್ ಆದ ತಕ್ಷಣ ಬಸ್ಸು. ತಪ್ಪಿದ್ರೆ ಇಲ್ಲ. ಗೇಟಾಚೆ ನಿಲ್ಲಕ್ ಪುರ್ಸೊತ್ತಿಲ್ಲ, ಗೇಟೊಳಗೆ ಮಾತಾಡಂಗಿಲ್ಲ. ಹಂಗಾಗಿ ನಾಗರತ್ನಕ್ಕ ಬಸ್ಸಲ್ಲಿ ಮಾತಾಡಿದ್ಳು.

ಮಾರನೇ ದಿನವೇ ಲೋಕೇಶಣ್ಣನ ಕಂಪ್ಲೇಂಟು ನಮ್ ಕಮಿಟಿಗೆ. ‘ಕಂಪನಿ ಬಸ್ಸು ಕಂಪನಿಯ ಆವರಣದ ಭಾಗ. ಅದರೊಳಗೆ ಪ್ರಚಾರ ಮಾಡಿರುವುದರಿಂದ ನಾಮಿನೇಷನ್ ತಿರಸ್ಕರಿಸಬೇಕು.’ ಸೈನು ದೊಡ್ಡದಾಗಿ. ಅದೇ ಕಾಪಿ ಎಚ್‌ಆರ್ ಸಾರ್‌ಗೂ ಕೊಟ್ಟಿದ್ದ. ಅವರು ನಾಗರತ್ನಕ್ಕಂಗೆ ಶೋಕಾಸ್ ನೋಟಿಸ್ ಇಳಿಸಿದ್ರು. ಅದರಲ್ಲೂ ಅದೇ ಮಾತು, ಕಂಪನಿಯ ಆವರಣವಾದ ಬಸ್ಸು.

‘ರಿಜೆಕ್ಟ್ ಮಾಡಕ್ಕಾಗಲ್ಲ ಅಣ್ಣ’ ಅಂದೆ ಪುಟ್ಟಸ್ವಾಮಣ್ಣಂಗೆ. ‘ಬಸ್ ರೋಡಲ್ಲಿ ಓಡ್ತದೆ. ರೋಡು ಕಂಪ್ನಿ ಅಪ್ಪಂದಾ?’

‘ನೋಡ್ದೆ ಏನ್ ಹೇಳ್ತೀಯ? ನಡಿ, ಹತ್ತೋಣ.’

ಹತ್ತಿದ್ವಿ. ಫಸ್ಟ್ ಶಿಫ್ಟ್ ಬಿಟ್ಟ ಮೇಲೆ, ಮಧ್ಯಾಹ್ನದ ಬಸ್ಸು. ಪೂರ್ತಿ ಹೆಂಗಸ್ರು. ಪುಟ್ಟಸ್ವಾಮಣ್ಣ ಡ್ರೈವರ್ ಹಿಂದ್ಗಡೆ ಸೀಟಲ್ಲಿ ಕೂತು ಕಣ್ ಮುಚ್ಚಿದ್ರು. ನಾನ್ ಕಂಬಿ ಹಿಡ್ಕೊಂಡು ನಿಂತೆ. ರೇಣುಕಾ ಅಂತ ರಾಯಚೂರ್ ಕಡೆ ಹುಡುಗಿ, ಕಾಂಟ್ರ್ಯಾಕ್ಟಲ್ಲಿ ಇದ್ದೋಳು, ಶುರು ಮಾಡಿದ್ಳು.

‘ಏನ್ರೀ ಅಣ್ಣಾರ, ಕನ್ಯಾ ನೋಡಾಕ್ ಬಂದೀರೇನು? ಜೊತಿಗೆ ಹಿರ್ಯಾರ್ನೂ ಕರ್ಕೊಂಡ್ ಬಂದೀರಿ.’

ಬಸ್ಸೆಲ್ಲಾ ನಗು. ‘ಪ್ರಚಾರ ಮಾಡ್ತೀರಾ ಇಲ್ವಾ ಅಂತ ನೋಡಕ್ ಬಂದಿರೋದು’ ಅಂದೆ.

‘ಮಾಡ್ತೀವ್ರಿ. ನೋಡ್ಕೋರಿ ಕಣ್ ತುಂಬ.’

ಆ ಬಸ್ಸಲ್ಲಿ ಒಂದ್ ಪದ್ಧತಿ. ಯಾರಾದ್ರೂ ಒಬ್ರು ಒಂದಿಷ್ಟು ಮೊಳ ಹೂವು ತರೋರು, ನೂಲು ಕಡಿದು ಕಡಿದು ಎಲ್ಲರಿಗೂ ಹಂಚೋರು. ಸೀಟಿಂದ ಸೀಟಿಗೆ ಹೋಗಿ ಹೂವು ಹಂಚೋರೇ ಅವತ್ತು ಮಾತಾಡೋರು, ಉಳಿದೋರು ಕೇಳೋರು. ಅವತ್ತು ನಾಗರತ್ನಕ್ಕನ ಸರದಿ. ನಮ್ಮನ್ನ ನೋಡಿ ಸುಮ್ನಾಗ್ತಾಳೆ ಅಂದ್ಕೊಂಡಿದ್ದೆ. ಇಲ್ಲ.

‘ಬಸ್ ಕ್ರಾಸಲ್ಲೇ ನಿಂತ್ರೆ ನಾವ್ ಯಾರೂ ಸೆಕೆಂಡ್ ಶಿಫ್ಟ್ ಬರಕ್ಕಾಗಲ್ಲ. ಸೆಕೆಂಡ್ ಶಿಫ್ಟ್ ಬರಲ್ಲ ಅಂದ್ರೆ ಕೆಲ್ಸ ಇಲ್ಲ. ಬಸ್ ಒಳಗಡೆವರ್ಗೂ ಬರ್ಬೇಕು ಅನ್ನೋರು ಕೈ ಎತ್ರೇ.’

ಎಲ್ಲಾ ಕೈಗಳೂ ಮೇಲೆ. ಡ್ರೈವರೂ ಒಂದ್ ಕೈ ಎತ್ದ. ‘ಏಯ್, ಸ್ಟೇರಿಂಗ್ ಹಿಡ್ಕೊಳಯ್ಯ’ ಅಂತ ನಾನೇ ಕೂಗಿದೆ.

ಕೈಗಳನ್ನ ನೋಡ್ತಾ ಇದ್ದಂಗೆ ನನಗೆ ಹೊಳೀತು. ಇವ್ರಲ್ಲಿ ಮುಕ್ಕಾಲು ಪಾಲು ಕಾಂಟ್ರ್ಯಾಕ್ಟು. ಕಾಂಟ್ರ್ಯಾಕ್ಟ್‌ನೋರು ಯೂನಿಯನ್ ಮೆಂಬರೇ ಅಲ್ಲ.

‘ಅಕ್ಕ, ಇವ್ರಿಗೆ ಓಟೇ ಇಲ್ವಲ್ಲ. ಓಟ್ ಇಲ್ದಿರೋರ್ ಹತ್ರ ಏನ್ ಪ್ರಚಾರ ನಿಂದು?’

‘ಓಟ್ ಇಲ್ಲ ಅಂತ ನಾಯಿ ಕಚ್ಚಲ್ವೇನೋ ಮಂಜ?’ ಅಂದ್ಳು. ನನ್ ಕೈಗೂ ಒಂದ್ ತುಂಡು ಹೂವು ಇಟ್ಳು. ‘ಮನೇಲಿ ದೇವ್ರಿಗಿಡು.’

ಹಿಂದ್ಗಡೆ ಸೀಟಿಂದ ಶಾಂತಮ್ಮ ಅಂತ ಒಬ್ರು ಕಾಲು ಚಾಚಿ ತೋರ್ಸಿದ್ರು. ಹಿಂದೆ ಒಂದ್ ಸಲ ಇದೇ ಬಸ್ಸಿಂದ ಇಳಿಯೋವಾಗ ಜಾರಿ ಬಿದ್ದು ಕಾಲು ಮುರಿದಿತ್ತು. ಬಸ್ಸು ಟ್ರಾವೆಲ್ಸ್‌ನೋರ್ದು, ಕಂಪ್ನಿದಲ್ಲ, ಪರಿಹಾರಕ್ಕೆ ಬೇಕಾದ ಆಕ್ಸಿಡೆಂಟ್ ರಿಪೋರ್ಟ್ ಬರ್ಕೊಡಲ್ಲ ಅಂತ ಆಫೀಸಲ್ಲಿ ಕೈ ಎತ್ತಿದ್ರು. ಆ ಕಾಲು ಇನ್ನೂ ಸೊಟ್ಟ.

‘ಕಾಲ್ ಮುರಿದಾಗ ಬಸ್ಸು ಕಂಪ್ನಿದಲ್ಲ. ಬಾಯ್ ಬಿಟ್ಟಾಗ ಕಂಪ್ನಿದು. ಇದ್ಯಾವ್ ನ್ಯಾಯ ಅಣ್ಣಯ್ಯ?’

ಕಣ್ ಮುಚ್ಚಿದ್ದ ಪುಟ್ಟಸ್ವಾಮಣ್ಣ, ಮುಚ್ಕೊಂಡೇ ‘ಹೂಂ’ ಅಂದ್ರು. ಮಲಗಿರ್ಲಿಲ್ಲ ಅಂತ ಆಗ ಗೊತ್ತಾಯ್ತು.

ಹೇರೋಹಳ್ಳೀಲಿ ನಾಗರತ್ನಕ್ಕನ ಜೊತೆ ನಾನೂ ಇಳಿದೆ. ದಾರೀಲಿ ಹೇಳ್ದೆ, ‘ಅಕ್ಕ, ಸುಲಭ. ನಾಡಿದ್ದು ವಿಚಾರಣೇಲಿ ಬಸ್ಸು ಕಂಪ್ನಿ ಆವರಣ ಅಲ್ಲ ಅಂತ ಹೇಳು. ಶಾಂತಮ್ಮಂದು ಹೇಳು. ಕಂಪ್ಲೇಂಟ್ ಎತ್ತಿ ಬಿಸಾಕ್ತೀವಿ. ನಿನ್ ನಾಮಿನೇಷನ್ ಉಳೀತದೆ. ಎಚ್‌ಆರ್ ನೋಟಿಸೂ ಬಿದ್ ಹೋಗ್ತದೆ.’

‘ನೋಟಿಸ್ ಬಿದ್ ಹೋದ್ರೆ ಬಸ್ಸು ಏನಾಗುತ್ತೆ?’

‘ಅದ್ ಆಮೇಲೆ. ನೀನ್ ಗೆದ್ದು ಬಂದು ಕೇಳು.’

‘ಗೆಲ್ಲಲಿಲ್ಲ ಅಂದ್ರೆ?’

ನನಗೆ ರೇಗ್ತು. ‘ಹಂಗಂದ್ರೆ ಯಾಕ್ ನಿಂತೆ?’

ಅವಳು ಮೋರಿ ಮೇಲಿಟ್ಟಿದ್ ಹಲಗೆ ದಾಟಿ ಹೋದ್ಳು.

ವಿಚಾರಣೆ ಯೂನಿಯನ್ ಆಫೀಸಲ್ಲಿ. ಹಿಟ್ಟಿನ ಗಿರಣಿ ಮೇಲೊಂದು ರೂಮು. ಗಿರಣಿ ಶುರುವಾದ್ರೆ ಕುರ್ಚಿ ಅಲ್ಲಾಡ್ತವೆ, ರಾಗಿ ಹಿಟ್ಟಿನ ಧೂಳು ಮೇಲಕ್ಕೆ ಬರ್ತದೆ. ಲೋಕೇಶಣ್ಣ ಪಟಾಲಂ ಕಟ್ಕೊಂಡು ಬಂದ. ನಾಗರತ್ನಕ್ಕನ ಜೊತೆ ಶಾಂತಮ್ಮ ಒಬ್ರೇ.

ಪುಟ್ಟಸ್ವಾಮಣ್ಣ ಕಂಪ್ಲೇಂಟ್ ಓದಿದ್ರು. ‘ಏನಮ್ಮ ಹೇಳ್ತೀಯ?’

ನಾನು ಕಣ್ಣಲ್ಲೇ ಸನ್ನೆ ಮಾಡ್ದೆ, ಹೇಳು ಹೇಳು ಅಂತ. ಪ್ರೆಸ್ ಶಾಪ್ ಬುದ್ಧಿ.

‘ಹೌದಣ್ಣ. ಬಸ್ಸಲ್ಲಿ ಮಾತಾಡಿದೀನಿ’ ಅಂದ್ಳು. ‘ಕಂಪ್ನಿ ಬಸ್ಸಲ್ಲೇ.’

‘ಅಕ್ಕ!’ ಅಂದೆ.

‘ನೀನ್ ಸುಮ್ನಿರು.’ ಲೋಕೇಶನ ಕಡೆ ತಿರುಗಿದ್ಳು. ‘ಲೋಕೇಶಣ್ಣ, ಬಸ್ಸು ಕಂಪ್ನಿ ಆವರಣ ಅಂತ ನೀನ್ ಬರ್ದಿರೋದು ನಿಜ ತಾನೆ?’

‘ನಿಜಾನೇ ಕಣಮ್ಮ. ಬೋರ್ಡ್ ಇಲ್ವಾ ಬಸ್ ಮುಂದೆ, ಕಂಪ್ನಿ ಹೆಸ್ರು ಇಷ್ಟ್ ದಪ್ಪ? ಚಿಕ್ಕ ಮಗೂನೂ ಹೇಳುತ್ತೆ.’

‘ಆಮೇಲೆ ಅಲ್ಲ ಅನ್ನಲ್ಲ?’

‘ಲೋಕೇಶ ಒಂದ್ ಸಲ ಹೇಳಿದ್ರೆ ಮುಗೀತು.’ ಪಟಾಲಂ ನಕ್ಕಿತು.

‘ಸರಿ. ಒಪ್ಕೊಂಡೆ. ಬರ್ಕೊಳಿ ಅಣ್ಣ’ ಅಂದ್ಳು ಪುಟ್ಟಸ್ವಾಮಣ್ಣಂಗೆ. ‘ಕಂಪ್ನಿ ಆವರಣ ಅಂತ ನೆಟ್ಟಗೆ ಬರೀರಿ. ಅಣ್ಣನ್ ಸೈನೂ ಹಾಕ್ಸಿ. ನನಗೊಂದ್ ಕಾಪಿ ಕೊಡಿ.’

ಪುಟ್ಟಸ್ವಾಮಣ್ಣ ಪೆನ್ ಎತ್ಲಿಲ್ಲ. ನಸ್ಯದ ಡಬ್ಬಿ ತೆಗೆದು, ಮುಚ್ಚಳ ಎರಡು ಸಲ ತಟ್ಟಿ, ಅವಳ ಮುಖಾನೇ ನೋಡ್ತಾ ಕೂತ್ರು. ಕೆಳಗೆ ಗಿರಣಿ ನಿಂತಿತ್ತು.

‘ಹಿಂಗ್ ಬರೆದ್ರೆ ನಿನ್ ನಾಮಿನೇಷನ್ ಹೋಯ್ತು ತಾಯಿ. ಮುಂದಿನ್ ಸಲಾನೂ ನಿಲ್ಲಂಗಿಲ್ಲ, ಬೈಲಾದಲ್ಲಿದೆ. ಯೋಚ್ನೆ ಮಾಡಿದೀಯ?’

‘ಮಾಡಿದೀನಿ.’

ಬರೆದ್ರು. ಲೋಕೇಶ ಬುಲೆಟ್ ಕೀ ತಿರುಗಿಸ್ತಾ ಸೈನ್ ಹಾಕ್ದ. ಎದುರಿಗೆ ಯಾರೂ ಇಲ್ಲ ಅಂತ ಅವಿರೋಧ ಆಯ್ಕೆ. ಅವತ್ತೇ ಗೇಟಲ್ಲಿ ಪಟಾಕಿ, ಮೈಸೂರ್ ಪಾಕು. ಅದೇ ವಾರ ಎಚ್‌ಆರ್ ಸಾರೂ ತಮ್ ಕೆಲ್ಸ ಮುಗ್ಸಿದ್ರು. ನಾಗರತ್ನಕ್ಕ ತಪ್ಪು ಒಪ್ಕೊಂಡಿದ್ರಿಂದ ಸಸ್ಪೆಂಡ್ ಮಾಡ್ದೆ ವಾರ್ನಿಂಗ್ ಲೆಟರ್ ಕೊಟ್ರು. ಅದನ್ನೂ ಮಡಚಿ ಬ್ಯಾಗಿಗಿಟ್ಕೊಂಡ್ಳು.

ನಾನು ಅವಳ ಜೊತೆ ಮಾತು ಬಿಟ್ಟೆ. ಎದುರಿಗ್ ಸಿಕ್ರೆ ಮುಖ ತಿರುಗ್ಸಿದೆ. ಇಷ್ಟು ಪುಕ್ಲಿ ಆಗಿದ್ರೆ ಬಸ್ಸಲ್ಲಿ ಕೈ ಎತ್ಸಿ, ಹೂವು ಕೊಟ್ಟು, ಯಾಕ್ ಬೇಕಿತ್ತು ಇದೆಲ್ಲ? ಕೆಲ್ಸದಲ್ಲಿ ಮನಸ್ ನಿಲ್ತಿರ್ಲಿಲ್ಲ. ಪೀಸ್ ಕೆಡಿಸಿ ಸ್ಕ್ರ್ಯಾಪ್ ಜಾಸ್ತಿ ಹೊಡೆದೆ, ಸೂಪರ್ವೈಸರ್ ಹತ್ರ ಉಗಿಸ್ಕೊಂಡೆ. ಪುಟ್ಟಸ್ವಾಮಣ್ಣಂಗೆ ಫೋನ್ ಮಾಡಿ ಹಾರಾಡ್ದೆ. ‘ತಡ್ಕೊಳೋ. ಬರೆದಾಗಿದೆ, ಈಗ ಅದು ನಮ್ ಕೈಲಿಲ್ಲ’ ಅಂದ್ರು. ಮತ್ತದೇ.

ತಿಂಗ್ಳು ಹುಟ್ತು. ಹೇಳ್ದಂಗೆ ರಾತ್ರಿ ಸೆಕೆಂಡ್ ಶಿಫ್ಟ್ ಬಸ್ಸು ಮಾಗಡಿ ರೋಡ್ ಕ್ರಾಸಲ್ಲಿ ನಿಂತ್ಕೊಂತು. ‘ಇಳೀರಮ್ಮ, ಇಲ್ಲಿಗೇ ಆರ್ಡರ್’ ಅಂದ ಡ್ರೈವರ್. ಯಾರೂ ಇಳೀಲಿಲ್ಲವಂತೆ. ‘ಬೈತಾರೆ ಕಣಮ್ಮ ನನಗೆ’ ಅಂತ ಗೋಗರೆದ. ರೇಣುಕಾ ಹೂವು ಹಂಚ್ತಾ ಇದ್ಳಂತೆ, ಹಂಚ್ತಾನೇ ಇದ್ಳಂತೆ. ಡ್ರೈವರ್ ಎಚ್‌ಆರ್‌ಗೆ ಫೋನ್ ಮಾಡ್ದ. ನಾಳೆ ಬೆಳಿಗ್ಗೆ ಮಾತಾಡೋಣ, ಇವತ್ತೊಂದ್ ದಿನ ಒಳಗ್ ಬಿಟ್ ಬಾ ಅಂದ್ರು.

ಬೆಳಿಗ್ಗೆ ಮೀಟಿಂಗು. ಎಚ್‌ಆರ್ ಸಾರು, ಸೆಕ್ರೆಟರಿ ಲೋಕೇಶಣ್ಣ, ನಾಗರತ್ನಕ್ಕ. ಎಲೆಕ್ಷನ್ ಕಮಿಟಿ ಕಡೆಯಿಂದ ಯಾರಾದ್ರೂ ಬರ್ಬೇಕು ಅಂತ ಅವಳೇ ಕೇಳಿದ್ಳಂತೆ, ನನ್ನ ಪ್ರೆಸ್ ನಿಲ್ಸಿ ಕಳ್ಸಿದ್ರು. ಎಣ್ಣೆ ಕೈಲೇ ಹೋಗಿ ಬಾಗ್ಲ ಹತ್ರ ನಿಂತೆ.

‘ನೋಡಿಮ್ಮ,’ ಎಚ್‌ಆರ್ ಸಾರ್ ಮೆತ್ತಗೇ ಹೇಳಿದ್ರು, ‘ಬಸ್ಸು ಟ್ರಾವೆಲ್ಸ್‌ನೋರ್ದು. ಕಂಪ್ನಿ ಅನುಕೂಲ ಮಾಡ್ಕೊಟ್ಟಿದೆ ಅಷ್ಟೇ. ಎಲ್ಲಿ ತನಕ ಬಿಡ್ಬೇಕು ಅನ್ನೋದು ನಮ್ಗೆ ಬಿಟ್ಟಿದ್ದು. ನಿಮ್ ಯೂನಿಯನ್ನೂ ಒಪ್ಪಿದೆ.’

ನಾಗರತ್ನಕ್ಕ ಬ್ಯಾಗಿಂದ ಎರಡು ಹಾಳೆ ತೆಗೆದು ಟೇಬಲ್ ಮೇಲಿಟ್ಳು. ವಾರ್ನಿಂಗ್ ಲೆಟರ್ ಒಂದು, ಕಮಿಟಿ ಆರ್ಡರ್ ಇನ್ನೊಂದು.

‘ಸಾರ್, ಬಸ್ಸು ಕಂಪ್ನಿ ಆವರಣ ಅಂತ ನೀವೇ ವಾರ್ನಿಂಗ್ ಕೊಟ್ಟಿದೀರಿ. ಆವರಣ ಅಂದ ಮೇಲೆ ಅದರೊಳಗೆ ಇರೋರ ಜವಾಬ್ದಾರಿ ನಿಮ್ದೇ ಅಲ್ವಾ? ಕತ್ಲಲ್ಲಿ ನಡುರೋಡಲ್ಲಿ ಇಳ್ಸಿ ಹೋಗಕ್ಕಾಗುತ್ತಾ? ಮೊದ್ಲು ಶಾಂತಮ್ಮನ ಆಕ್ಸಿಡೆಂಟ್ ರಿಪೋರ್ಟ್ ಬರೀರಿ.’

ಎಚ್‌ಆರ್ ಸಾರ್ ಹಾಳೆ ಕಡೆ ನೋಡಿದ್ರು, ಮುಟ್ಲಿಲ್ಲ. ‘ಅದು... ಶಿಸ್ತಿನ ವಿಷ್ಯ. ಇದು ಬೇರೆ.’

‘ಬೇರೆ ಅಂದ್ರೆ ಬಸ್ಸು ಕಂಪ್ನಿದಲ್ವಾ ಸಾರ್? ಬಾಯ್ ಬಿಟ್ ಹೇಳಿ ಪರ್ವಾಗಿಲ್ಲ.’ ಲೋಕೇಶನ ಕಡೆ ತಿರುಗಿದ್ಳು. ‘ಕಂಪ್ನಿದಲ್ಲ ಅಂದ್ರೆ ನನ್ ನಾಮಿನೇಷನ್ ರಿಜೆಕ್ಟ್ ಆಗಿದ್ದು ತಪ್ಪು. ಅಣ್ಣ ಅವಿರೋಧ ಗೆದ್ದಿದ್ದೂ ಹೋಯ್ತು. ಎಲೆಕ್ಷನ್ ಮತ್ತೆ ಮಾಡ್ಬೇಕು. ಏನೋ ಮಂಜ, ಹೌದಾ ಅಲ್ವಾ?’

ಆಗ ತಲೆಗ್ ಹೋಯ್ತು ನನಗೆ. ಪೂರ್ತಿ ಒಂದೇ ಸಲ. ಪ್ರೆಸ್ ಬಡಿದಂಗೆ.

‘ಹೌದಕ್ಕ. ಮತ್ತೆ ಮಾಡ್ಬೇಕು’ ಅಂದೆ.

ಲೋಕೇಶಣ್ಣನ ಮುಖ ನೀವ್ ನೋಡ್ಬೇಕಿತ್ತು. ಕೂಲಿಂಗ್ ಗ್ಲಾಸ್ ತೆಗೆದ, ಹಾಕ್ದ, ಮತ್ತೆ ತೆಗೆದ. ಬಸ್ಸು ಕಂಪ್ನಿದು ಅಂದ್ರೆ ತಾನು ಸೈನ್ ಹಾಕಿದ್ ಒಪ್ಪಂದ ಹೋಯ್ತು. ಅಲ್ಲ ಅಂದ್ರೆ ಸೆಕ್ರೆಟರಿ ಕುರ್ಚಿ ಹೋಯ್ತು. ಲೋಕೇಶ ಯಾವ್ದನ್ನ ಹಿಡ್ಕೋತಾನೆ ಅಂತ ಅವಳಿಗೆ ಗೊತ್ತಿತ್ತು.

‘ಸಾರ್,’ ಅಂದ ಕೊನೆಗೆ. ‘ಬಸ್ಸು ಕಂಪ್ನಿದೇ ಸಾರ್. ಬೋರ್ಡೇ ಇದೆಯಲ್ಲ. ಯೂನಿಯನ್ ಇದ್ರಲ್ಲಿ ಹಿಂದೆ ಸರಿಯಲ್ಲ.’

‘ನೀವೇ ಅಲ್ವೇನ್ರೀ ಕ್ರಾಸ್ ಸಾಕು ಅಂತ ಸೈನ್ ಹಾಕಿದ್ದು?’

‘ಆಗ ಪರಿಸ್ಥಿತಿ ಬೇರೆ ಇತ್ತು ಸಾರ್.’

ನಾನು ಬಾಗ್ಲ ಹತ್ರ ನಿಂತೇ ನಕ್ಕೆ. ಹೊರಗ್ ಕಳ್ಸಿದ್ರು.

ಎಚ್‌ಆರ್ ಸಾರ್ ಅವತ್ತೇ ಒಪ್ಲಿಲ್ಲ. ಲಾಯರ್ ಕೇಳ್ತೀವಿ ಅಂದ್ರು. ಕೇಳಿ ಬಂದು ಬಾಯ್ ಮುಚ್ಕೊಂಡು ಬಸ್ ಒಳಗ್ ಬಿಟ್ರು. ಶಾಂತಮ್ಮನ ರಿಪೋರ್ಟೂ ಹೋಯ್ತು. ಗೇಟ್ ಮೀಟಿಂಗಲ್ಲಿ ಲೋಕೇಶಣ್ಣ, ‘ನಿಮ್ಮ ಸೆಕ್ರೆಟರಿ ಹೋರಾಡಿ ಬಸ್ ಉಳಿಸಿದಾನೆ’ ಅಂತ ಭಾಷಣ ಹೊಡೆದ. ನಾನ್ ಕೂಗಕ್ ಬಾಯ್ ತೆಗೆದೆ. ಪಕ್ಕದಲ್ಲಿ ಮುನಿರಾಜು ನನ್ ಬಾಯ್ ಮೇಲೆ ಕೈಯಿಟ್ಟ. ಅಷ್ಟರಲ್ಲಿ ಸೈರನ್ ಆಗಿ ಹೆಂಗಸ್ರ ಬಸ್ಸು ಹೊರಟಿತ್ತು. ಆ ಭಾಷಣ ಕೇಳಕ್ಕೂ ಅವ್ರಿಗೆ ಪುರ್ಸೊತ್ತಿರ್ಲಿಲ್ಲ.

‘ನನಗೆ ಮೊದ್ಲೇ ಹೇಳ್ಬಾರ್ದಿತ್ತಾ?’ ಅಂತ ಆಮೇಲೊಂದಿನ ನಾಗರತ್ನಕ್ಕನ ಕೇಳಿದ್ದೆ.

‘ನಿನಗ್ ಹೇಳಿದ್ರೆ ಗೇಟಲ್ಲಿ ಮೈಕ್ ಹಾಕ್ದಂಗೆ ಕಣೋ.’

ಅದೂ ಸರಿನೇ.

ಅವಳು ಆಮೇಲೆ ಎಲೆಕ್ಷನ್ನಿಗೆ ನಿಲ್ಲಲೇ ಇಲ್ಲ. ಬೈಲಾ ಅಡ್ಡಿ ತೀರಿ ನಿಲ್ಲಕ್ ಆಗೋ ಹೊತ್ತಿಗೆ ನಾನು ಹೊರಗ್ ಬಂದಿದ್ದೆ. ಈಗ ಎಲ್ಲಾ ವಾಟ್ಸಾಪ್ ಅಂತೆ. ಫೋನ್ ಲಾಕರಲ್ಲಿಟ್ಟು ಒಳಗ್ ಹೋಗ್ತಾರೆ, ಆದ್ರೆ ಬೆಳಿಗ್ಗೆ ಹಾಕಿದ್ ಸ್ಟೇಟಸ್ ಸಂಜೆವರ್ಗೂ ಓಟ್ ಕೇಳ್ತಾ ಇರುತ್ತೆ. ಲಾಕರ್ ಕಂಪ್ನಿ ಆವರಣ, ಹಂಗಾಗಿ ಸ್ಟೇಟಸ್ಸೂ ಆವರಣದ ಪ್ರಚಾರ ಅಂತ ಕಂಪ್ಲೇಂಟು. ಅದನ್ನ ತೀರ್ಮಾನ ಮಾಡಕ್ಕೆ ಈಗ ಪುಟ್ಟಸ್ವಾಮಣ್ಣನೂ ಬರಲ್ಲ, ಮಂಡಿ ನೋವು. ಸ್ಟೇಟಸ್ ಅಂದ್ರೇನು ಅಂತ ಅವ್ರಿಗೆ ಹೇಳಕ್ ಹೋಗಿ ನಾನೇ ಸೋತೆ.

ಹುಡುಗ್ರಿಗೆ ನಾನ್ ಹೇಳೋದಿಷ್ಟೇ. ನಿಮ್ ಮೇಲೆ ಕಂಪ್ಲೇಂಟ್ ಬಂದ್ರೆ ಮೈ ಪರಚ್ಕೊಂಡು ಅಲ್ಲ ಅಲ್ಲ ಅಂತ ಕುಣೀಬೇಡಿ. ನನ್ ಥರ. ಹಾಳೆ ಕೈಗ್ ತಗೊಂಡು ಏನ್ ಬರ್ದಿದಾರೆ ಅಂತ ಓದಿ. ಬರೆದೋನು ಓದಿರಲ್ಲ.

ಹೋದ್ ವಾರ ಹೇರೋಹಳ್ಳಿಗೆ ಟೈಲ್ಸ್ ಲೋಡ್ ಹಾಕೊಂಡು ಹೋಗಿದ್ದೆ. ಸಂದೀಲಿ ಮುಂದೆ ಒಂದ್ ಬಸ್ಸು ಅಡ್ಡ. ಆ ಕಡೆಯಿಂದ ಜಲ್ಲಿ ಲಾರಿ, ಈ ಕಡೆ ಅಗೆದ ಮೋರಿ, ಬಸ್ ಅಲ್ಲಾಡ್ತಾ ಇಲ್ಲ. ಟೈಲ್ಸ್ ಅಂಗಡಿಯೋನು ಮೇಲಿಂದ್ ಮೇಲೆ ಫೋನ್ ಮಾಡ್ತಾ ಇದಾನೆ. ಹಾರ್ನ್ ಮೇಲೆ ಕೈ ಇಟ್ಟೋನು ತೆಗೀಲೇ ಇಲ್ಲ. ಬಸ್ ಹಿಂದ್ಗಡೆ ಕಂಪ್ನಿ ಹೆಸ್ರು ಆಮೇಲ್ ಕಂಡೆ. ಕಿಟಕಿಯಿಂದ ಒಂದ್ ತಲೆ ಹೊರಗ್ ಬಂತು. ಕೈಲಿ ನೂಲು, ಅರ್ಧ ಹಂಚಿದ ಮಲ್ಲಿಗೆ. ಕೂದ್ಲು ಅಲ್ಲಲ್ಲಿ ಬೆಳ್ಳಗಾಗಿದೆ.

‘ಯಾರೋ ಅದು, ಮಂಜನಾ? ಹಾರ್ನ್ ನಿಲ್ಸೋ. ಕಂಪ್ನಿ ಆವರಣ ಕಣೋ ಇದು!’

ಬಸ್ಸೆಲ್ಲಾ ನಗು. ಗಾಡಿ ಆಫ್ ಮಾಡಿ ಕೂತೆ.